ಗಡ್ಡೆಯ ನಳ ಕಡಿಯುವ ಔಷಧ: ಶ್ವಾಸಕೋಶದ ಕ್ಯಾನ್ಸರಿಗೆ ಬೆವಾಸಿಜುಮ್ಯಾಬ್ ಯಾಕೆ, ಯಾರಿಗೆ ಬೇಡ

ಚೀಟಿಯಲ್ಲಿ ಮೊದಲು ಎರಡು ಕೀಮೋ ಔಷಧಗಳ ಹೆಸರು, ಕಾರ್ಬೋಪ್ಲಾಟಿನ್ ಮತ್ತು ಪ್ಯಾಕ್ಲಿಟ್ಯಾಕ್ಸೆಲ್. ಅದರ ಕೆಳಗೆ ಮೂರನೆಯದು: ಬೆವಾಸಿಜುಮ್ಯಾಬ್ 900 ಮಿ.ಗ್ರಾಂ., 100 ಮಿ.ಲೀ. ಸಲಾಯಿನ್‌ನಲ್ಲಿ, 90 ನಿಮಿಷ. ಬಿಲ್ ಕೈಗೆ ಬಂದಾಗ ಮೇಲಿನ ಎರಡಕ್ಕಿಂತ ಈ ಮೂರನೆಯದರ ಭಾರವೇ ಹೆಚ್ಚು. ಹುಬ್ಬಳ್ಳಿ-ಧಾರವಾಡದ ಡೇ ಕೇರ್ ವಾರ್ಡುಗಳಲ್ಲಿ ರೋಗಿಯ ಜೊತೆ ಬಂದವರು ಆಗ ಕೇಳುವ ಮಾತು ಹೆಚ್ಚುಕಡಿಮೆ ಒಂದೇ: “ಇದೂ ಕೀಮೋನ ಏನ್ರಿ ಸರ?”

ಅಲ್ಲ. ಕೀಮೋ ಔಷಧ ವೇಗವಾಗಿ ಹೆಚ್ಚುವ ಕೋಶಗಳನ್ನು ಕೊಲ್ಲುತ್ತದೆ. ಕೂದಲು ಉದುರುವುದು, ಬಾಯಿ ಹುಣ್ಣಾಗುವುದು, ಬಿಳಿ ರಕ್ತಕಣ ಇಳಿಯುವುದು ಎಲ್ಲ ಅದಕ್ಕೇ. ಬೆವಾಸಿಜುಮ್ಯಾಬ್ ಕ್ಯಾನ್ಸರ್ ಕೋಶವನ್ನು ನೇರವಾಗಿ ಕೊಲ್ಲಲು ಹೋಗುವುದಿಲ್ಲ. ಗಡ್ಡೆಗೆ ರಕ್ತ ತರುವ ಹೊಸ ನಾಳಗಳು ಹುಟ್ಟದಂತೆ ತಡೆಯುತ್ತದೆ. ಇಷ್ಟು ಹೇಳಿದರೆ ಸಾಕು, “ಹಂಗಾದ್ರ ನೀರ ಬಂದ್ ಮಾಡಿದ ಹೊಲದಂಗ ಗಡ್ಡಿ ಒಣಗಿ ಹೋಗ್ತದ” ಎಂಬ ಆಸೆ ಹುಟ್ಟಿಬಿಡುತ್ತದೆ. ಆ ಆಸೆ ಅರ್ಧ ಮಾತ್ರ ನಿಜ. ಗಡ್ಡೆ ನಾಳ ಬೆಳೆಸಿಕೊಳ್ಳಲು ಯಾವ ರಾಸಾಯನಿಕವನ್ನು ಬಳಸುತ್ತದೋ ಅದೇ ರಾಸಾಯನಿಕ ನಮ್ಮ ಮೈಯ ಒಳ್ಳೆಯ ನಾಳಗಳನ್ನೂ ಸಾಕುತ್ತಿರುತ್ತದೆ. ಈ ಔಷಧದ ಗುಣ, ಮಿತಿ, ಅಪಾಯ ಮೂರಕ್ಕೂ ಬೇರು ಇಲ್ಲೇ ಇದೆ. ಹಾಗಾಗಿ ಇದನ್ನು ಯಾರಿಗೆ ಕೊಡಬೇಕು ಎನ್ನುವುದಕ್ಕಿಂತ ಯಾರಿಗೆ ಕೊಡಬಾರದು ಎನ್ನುವುದನ್ನು ಮೊದಲು ತಿಳಿಯುವುದು ಲೇಸು.

ಗಡ್ಡೆ ನಳ ಎಳೆದುಕೊಳ್ಳುವ ಬಗೆ

ರಕ್ತನಾಳದಿಂದ ಹೊರಬಿದ್ದ ಆಮ್ಲಜನಕ ಊತಕದೊಳಗೆ ಹೆಚ್ಚೆಂದರೆ 0.1ರಿಂದ 0.2 ಮಿಲಿಮೀಟರ್ ದೂರ ಹೋಗಬಲ್ಲದು. ಅದರಾಚೆ ಇರುವ ಕೋಶಕ್ಕೆ ಉಸಿರು ಸಿಗದು. ಹೀಗಾಗಿ ಹೊಸ ನಾಳಗಳಿಲ್ಲದ ಕ್ಯಾನ್ಸರ್ ಗಡ್ಡೆ 1-2 ಮಿಲಿಮೀಟರ್‌ಗೆ, ಅಂದರೆ ಸಾಸಿವೆ ಕಾಳಿನ ಗಾತ್ರಕ್ಕೆ ನಿಂತುಬಿಡುತ್ತದೆ. ಬಾಸ್ಟನ್ನಿನ ಶಸ್ತ್ರವೈದ್ಯ ಜೂಡಾ ಫೋಕ್‌ಮನ್ 1971ರಲ್ಲಿ ಇದನ್ನೇ ಹಿಡಿದುಕೊಂಡು, ನಾಳ ಬೆಳೆಯದಂತೆ ತಡೆದರೆ ಕ್ಯಾನ್ಸರನ್ನೂ ತಡೆಯಬಹುದು ಎಂದು ಬರೆದರು. ಬಹಳ ಜನ ಒಪ್ಪಲಿಲ್ಲ. ಗಡ್ಡೆಯ ಸುತ್ತಲಿನ ನಾಳಗಳು ಬರೀ ಉರಿಯೂತದಿಂದ ಎದ್ದವು ಎಂಬುದು ಆಗಿನ ನಂಬಿಕೆ.

ಉಸಿರುಕಟ್ಟಿದ ಕೋಶ ಸುಮ್ಮನೆ ಸಾಯುವುದಿಲ್ಲ. ಆಮ್ಲಜನಕ ಚೆನ್ನಾಗಿದ್ದಾಗ ಎಚ್‌ಐಎಫ್ ಎಂಬ ಪ್ರೋಟೀನು ಹುಟ್ಟಿದ ಹಾಗೇ ನಾಶವಾಗುತ್ತಿರುತ್ತದೆ. ಆಮ್ಲಜನಕ ಇಳಿದಾಗ ಅದು ಉಳಿದುಕೊಂಡು ಹತ್ತಾರು ಜೀನುಗಳನ್ನು ಎಬ್ಬಿಸುತ್ತದೆ. ಈ ಏರ್ಪಾಟನ್ನು ಬಿಡಿಸಿ ತೋರಿಸಿದ ಕೇಲಿನ್, ರ‍್ಯಾಟ್‌ಕ್ಲಿಫ್, ಸೆಮೆಂಜಾ ಅವರಿಗೆ 2019ರ ನೊಬೆಲ್ ಬಂತು. ಎಚ್‌ಐಎಫ್ ಎಬ್ಬಿಸುವ ಜೀನುಗಳಲ್ಲಿ ಒಂದು ವಿಇಜಿಎಫ್ ಎಂಬ ಬೆಳವಣಿಗೆಯ ಪ್ರೋಟೀನನ್ನು ಹೊರಡಿಸುತ್ತದೆ. ಅದು ಹತ್ತಿರದ ರಕ್ತನಾಳದ ಒಳಗೋಡೆಯ ಕೋಶಗಳಿಗೆ ಅಂಟಿ, ಈ ಕಡೆ ಟಿಸಿಲೊಡೆಯಿರಿ ಎಂದು ಸೂಚನೆ ಕೊಡುತ್ತದೆ. ಕೆಲವೇ ದಿನಗಳಲ್ಲಿ ಹೊಸ ನಾಳ ಗಡ್ಡೆಯೊಳಗೆ ಇಳಿಯುತ್ತದೆ. ಊರ ಹೊರಗೆ ಮಂಜೂರಾತಿಯಿಲ್ಲದೆ ಎದ್ದ ಲೇಔಟಿನವರು ಮೇನ್ ಲೈನಿಗೆ ತೂತು ಹಾಕಿ ನಳ ಎಳೆದುಕೊಂಡ ಹಾಗೆ.

ವಿಇಜಿಎಫ್‌ಗೆ ಮೊದಲು ಇದ್ದ ಹೆಸರು ಬೇರೆ. 1983ರಲ್ಲಿ ಹೆರಾಲ್ಡ್ ಡ್ವೋರಾಕ್ ತಂಡದವರು ಇದನ್ನು ನಾಳಗಳನ್ನು ಸೋರುವಂತೆ ಮಾಡುವ ಅಂಶ ಎಂದು ಗುರುತಿಸಿದ್ದರು. 1989ರಲ್ಲಿ ನೆಪೋಲಿಯೋನೆ ಫೆರಾರಾ ಮತ್ತು ಸಂಗಡಿಗರು ನಾಳ ಬೆಳೆಸುವ ಪ್ರೋಟೀನೊಂದನ್ನು ಬೇರ್ಪಡಿಸಿ ಜೀನು ಓದಿದಾಗ ಎರಡೂ ಒಂದೇ ಎಂದು ತಿಳಿಯಿತು. ಶ್ವಾಸಕೋಶದ ಕ್ಯಾನ್ಸರ್ ಕಂಡವರಿಗೆ ಈ ಹಳೆಯ ಹೆಸರು ಹೆಚ್ಚು ಹೊಂದುತ್ತದೆ. ಎದೆಯೊಳಗೆ ನೀರು ತುಂಬಿ, ಸೂಜಿ ಹಾಕಿ ಒಂದು ಲೀಟರ್ ತೆಗೆದರೂ ಹತ್ತು ದಿನದಲ್ಲಿ ಮತ್ತೆ ತುಂಬುವುದಕ್ಕೆ ದೊಡ್ಡ ಕಾರಣ ಈ ಸೋರಿಕೆಯೇ. ಬೆವಾಸಿಜುಮ್ಯಾಬ್ ಈ ವಿಇಜಿಎಫ್ ಅನ್ನೇ ಹಿಡಿದು ಕೆಲಸ ಮಾಡದಂತೆ ತಡೆಯುತ್ತದೆ. ಅದನ್ನು ಸೇರಿಸಿದಾಗ ಕೆಲವರಲ್ಲಿ ಆ ನೀರು ತುಂಬುವುದು ನಿಧಾನವಾಗುವುದೂ ಇದರಿಂದಲೇ.

ನಳ ಕಡಿದರೆ ಕೀಮೋ ಹೇಗೆ ಒಳಗೆ ಹೋಗುತ್ತದೆ?

ಇದು ಒಳ್ಳೆಯ ಪ್ರಶ್ನೆ. ಕೀಮೋ ಹೋಗುವುದೂ ರಕ್ತದಲ್ಲೇ. ನಾಳ ಮುಚ್ಚಿದರೆ ಔಷಧಕ್ಕೂ ದಾರಿ ಇರಬಾರದು. ಆದರೆ ಪರೀಕ್ಷೆಗಳಲ್ಲಿ ಕಂಡದ್ದು ತಿರುಗಾಮುರುಗಾ: ಎರಡನ್ನೂ ಸೇರಿಸಿ ಕೊಟ್ಟಾಗ ಗಡ್ಡೆ ಹೆಚ್ಚು ಕುಗ್ಗಿತು.

ಇದರ ಉತ್ತರವು ಹುಬ್ಬಳ್ಳಿ-ಧಾರವಾಡದವರಿಗೆ ಬೇಗ ಹೊಳೆಯಬೇಕು. ಮಲಪ್ರಭೆಯ ನೀರು ಸವದತ್ತಿಯಿಂದ ಹೊರಟು ಓಣಿಯ ಕೊನೆಯ ಮನೆಗೆ ಬರುವ ಹೊತ್ತಿಗೆ ನಳದಲ್ಲಿ ಒತ್ತಡವೇ ಇರುವುದಿಲ್ಲ, ದಾರಿಯುದ್ದಕ್ಕೂ ಸೋರಿರುತ್ತದೆ. ಗಡ್ಡೆಯೊಳಗಿನ ನಾಳಗಳೂ ಹಾಗೇ. ಅವಸರದಲ್ಲಿ ಕಟ್ಟಿದವು, ವಕ್ರ, ಕೆಲವು ಕುರುಡು ತುದಿಯವು, ಹೊರಗಿನಿಂದ ಆಸರೆ ಕೊಡುವ ಪೆರಿಸೈಟ್ ಕೋಶಗಳು ಸರಿಯಾಗಿ ಅಂಟಿಕೊಳ್ಳದವು. ಸೋರಿದ ದ್ರವ ಗಡ್ಡೆಯೊಳಗೆ ನಿಂತು ಒತ್ತಡ ಏರಿಸುತ್ತದೆ. ಹೊರಗಿನ ಒತ್ತಡ ನಾಳದೊಳಗಿನ ಒತ್ತಡಕ್ಕೆ ಸಮನಾದರೆ ಔಷಧ ನಾಳ ಬಿಟ್ಟು ಹೊರಬೀಳುವುದೇ ಇಲ್ಲ. ಐಐಟಿ ಕಾನ್ಪುರದಲ್ಲಿ ಓದಿ ಹಾರ್ವರ್ಡ್ ಸೇರಿದ ಕೆಮಿಕಲ್ ಎಂಜಿನಿಯರ್ ರಾಕೇಶ್ ಜೈನ್ 2001ರಲ್ಲಿ ಒಂದು ವಿವರಣೆ ಮುಂದಿಟ್ಟರು: ವಿಇಜಿಎಫ್ ತಡೆದಾಗ ಮೊದಲು ಸಾಯುವುದು ಕೆಟ್ಟ ನಾಳಗಳು. ಉಳಿದವು ಕೆಲ ದಿನ ಸೋರಿಕೆ ನಿಂತು, ನೆಟ್ಟಗಾಗಿ, ಸಹಜ ನಾಳದಂತೆ ಕೆಲಸ ಮಾಡುತ್ತವೆ. ಆ ಕಿಟಕಿ ತೆರೆದಿರುವಾಗ ಕೀಮೋ ಒಳಗೆ ಹೋಗುತ್ತದೆ. ನಾಳ ಕಡಿಯುವುದಕ್ಕಿಂತ ರಿಪೇರಿ ಮಾಡುವುದರಿಂದ ಹೆಚ್ಚು ಲಾಭ ಎಂಬ ಈ ಮಾತನ್ನು ಒಬ್ಬ ಪ್ಲಂಬರ್ ಕೂಡ ಒಪ್ಪುತ್ತಿದ್ದ. ಮನುಷ್ಯರ ಗಡ್ಡೆಯಲ್ಲಿ ಆ ಕಿಟಕಿ ಎಷ್ಟು ದಿನ ತೆರೆದಿರುತ್ತದೆ ಎಂಬುದು ಮಾತ್ರ ರೋಗಿಯಿಂದ ರೋಗಿಗೆ ಬೇರೆ.

ಲೆಕ್ಕದಲ್ಲಿ ಎಷ್ಟು ಲಾಭ?

ಬೆವಾಸಿಜುಮ್ಯಾಬ್ ಮೊದಲು ಒಪ್ಪಿಗೆ ಪಡೆದದ್ದು 2004ರಲ್ಲಿ, ದೊಡ್ಡ ಕರುಳಿನ ಕ್ಯಾನ್ಸರಿಗೆ. ಶ್ವಾಸಕೋಶಕ್ಕೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕದ್ದು 2006ರ ಅಕ್ಟೋಬರಿನಲ್ಲಿ. ಅದಕ್ಕೆ ಆಧಾರ ಇ-4599 ಎಂಬ ಪರೀಕ್ಷೆ, ಅದರಲ್ಲಿ 878 ರೋಗಿಗಳು. ಅರ್ಧ ಜನಕ್ಕೆ ಬರೀ ಕೀಮೋ, ಅರ್ಧ ಜನಕ್ಕೆ ಕೀಮೋ ಜೊತೆ ಬೆವಾಸಿಜುಮ್ಯಾಬ್. ಬರೀ ಕೀಮೋ ಪಡೆದವರಲ್ಲಿ ನೂರಕ್ಕೆ 15 ಜನರ ಗಡ್ಡೆ ಕುಗ್ಗಿತು, ಎರಡೂ ಪಡೆದವರಲ್ಲಿ 35 ಜನರದ್ದು. ರೋಗ ಬೆಳೆಯದೆ ನಿಂತ ಅವಧಿ 4.5 ತಿಂಗಳಿಂದ 6.2 ತಿಂಗಳಿಗೆ ಏರಿತು. ಆಯುಷ್ಯ 10.3 ತಿಂಗಳಿಂದ 12.3 ತಿಂಗಳಿಗೆ.

ಈ 12.3 ಎನ್ನುವುದು ಸರಾಸರಿ ಅಲ್ಲ, ನಡುಗೆರೆ: ಅರ್ಧ ಜನ ಅದಕ್ಕಿಂತ ಹೆಚ್ಚು ಬದುಕಿದರು, ಅರ್ಧ ಜನ ಕಡಿಮೆ. ಒಬ್ಬ ರೋಗಿಗೆ “ನಿಮಗೆ ಎರಡು ತಿಂಗಳು ಸಿಗುತ್ತದೆ” ಎಂದು ಇದರಿಂದ ಹೇಳಲು ಬಾರದು. ಇದೇ ಪರೀಕ್ಷೆಯಲ್ಲಿ ಬೆವಾಸಿಜುಮ್ಯಾಬ್ ಗುಂಪಿನ 15 ಜನ ಚಿಕಿತ್ಸೆಯಿಂದಲೇ ಸತ್ತರು, ಅವರಲ್ಲಿ ಐವರು ಶ್ವಾಸಕೋಶದ ರಕ್ತಸ್ರಾವದಿಂದ. ಎಪ್ಪತ್ತು ದಾಟಿದವರನ್ನು ಬೇರೆ ಮಾಡಿ ನೋಡಿದಾಗ ಆಯುಷ್ಯದ ಲಾಭ ಸ್ಪಷ್ಟವಾಗಿ ಕಾಣಲಿಲ್ಲ, ತೊಂದರೆ ಮಾತ್ರ ಹೆಚ್ಚಿತ್ತು. ಮನೆಯ ಹಿರಿಯರಿಗೆ “ಎಲ್ಲಾನೂ ಮಾಡ್ರಿ, ರೊಕ್ಕದ ಚಿಂತಿ ಬ್ಯಾಡ” ಎಂದು ಮಕ್ಕಳು ಹಟ ಹಿಡಿಯುವಾಗ ಈ ಕೊನೆಯ ಸಾಲನ್ನು ಅವರ ಮುಂದಿಡುವುದು ವೈದ್ಯರ ಕೆಲಸ.

ಆಪರೇಷನ್‌ಗೆ ಸಿಗುವ ಹಂತದ ರೋಗಕ್ಕೆ, ಅಂದರೆ ಆಪರೇಷನ್ ಆಗಿ ಗಡ್ಡೆ ಪೂರ್ತಿ ತೆಗೆದವರಿಗೆ, ಇದನ್ನು ಸೇರಿಸಿ ನೋಡಿದ್ದಾರೆ. ಇ-1505 ಪರೀಕ್ಷೆಯಲ್ಲಿ 1,501 ರೋಗಿಗಳಿದ್ದರು. ಆಯುಷ್ಯದಲ್ಲಿ ಏನೂ ವ್ಯತ್ಯಾಸವಾಗಲಿಲ್ಲ. ಹಾಗಾಗಿ ಶ್ವಾಸಕೋಶದಲ್ಲಿ ಈ ಔಷಧದ ಜಾಗ ಮುಖ್ಯವಾಗಿ ಹರಡಿದ ರೋಗ, ಅದೂ ಬೇರೆ ಔಷಧದ ಜೊತೆಗಾರನಾಗಿ.

ಯಾರಿಗೆ ಬೇಡ

ಮೊದಲು ಬಯಾಪ್ಸಿ ವರದಿ. ಅದರಲ್ಲಿ “ನಾನ್ ಸ್ಮಾಲ್ ಸೆಲ್ ಕಾರ್ಸಿನೋಮಾ” ಎಂದಷ್ಟೇ ಬರೆದಿದ್ದರೆ ಈ ಔಷಧದ ಮಾತು ಎತ್ತುವ ಹಾಗಿಲ್ಲ. ಅದರೊಳಗಿನ ಎರಡು ಮುಖ್ಯ ಬಗೆಗಳಲ್ಲಿ ಯಾವುದು, ಗ್ರಂಥಿಕೋಶದ ಅಡಿನೋಕಾರ್ಸಿನೋಮಾನೋ, ಚಪ್ಪಟೆಕೋಶದ ಸ್ಕ್ವಾಮಸ್ಸೋ ಎಂದು ಬೇರ್ಪಡಿಸಿರಬೇಕು. ಕೋಶದ ಆಕಾರದಿಂದ ತಿಳಿಯದಿದ್ದರೆ ಟಿಟಿಎಫ್-1 ಮತ್ತು ಪಿ40 ಎಂಬ ಎರಡು ಬಣ್ಣದ ಪರೀಕ್ಷೆ ಮಾಡುತ್ತಾರೆ: ಮೊದಲನೆಯದು ಹಿಡಿದರೆ ಅಡಿನೋ ಕಡೆಗೆ, ಎರಡನೆಯದು ಹಿಡಿದರೆ ಸ್ಕ್ವಾಮಸ್ ಕಡೆಗೆ ವಾಲುತ್ತದೆ. ಇಷ್ಟು ಹಟ ಯಾಕೆಂದರೆ, 2004ರಲ್ಲಿ ಪ್ರಕಟವಾದ ಆರಂಭದ ಪರೀಕ್ಷೆಯಲ್ಲಿ ಬೆವಾಸಿಜುಮ್ಯಾಬ್ ಪಡೆದ ಸ್ಕ್ವಾಮಸ್ ರೋಗಿಗಳಲ್ಲಿ ನೂರಕ್ಕೆ 31ರಷ್ಟು ಜನಕ್ಕೆ ಶ್ವಾಸಕೋಶದಲ್ಲಿ ಭಾರಿ ರಕ್ತಸ್ರಾವವಾಯಿತು. ಉಳಿದವರಲ್ಲಿ ಅದು ನೂರಕ್ಕೆ 4. ಸ್ಕ್ವಾಮಸ್ ಗುಂಪಿನಲ್ಲಿ ಇದ್ದವರೇ ಬೆರಳೆಣಿಕೆಯಷ್ಟು ಜನ, ಆದ್ದರಿಂದ 31 ಎಂಬುದನ್ನು ಕಲ್ಲಿನ ಗೆರೆ ಎಂದು ಹಿಡಿಯಬೇಕಿಲ್ಲ. ಆದರೂ ಅಂದಿನಿಂದ ಸ್ಕ್ವಾಮಸ್‌ಗೆ ಇದು ನಿಷಿದ್ಧ. ಆ ಜಾತಿಯ ಗಡ್ಡೆ ಸಾಮಾನ್ಯವಾಗಿ ಎದೆಯ ನಡುವೆ, ದೊಡ್ಡ ಶ್ವಾಸನಾಳ ಮತ್ತು ದೊಡ್ಡ ರಕ್ತನಾಳಗಳ ಮಗ್ಗುಲಲ್ಲಿ ಹುಟ್ಟುತ್ತದೆ, ಒಳಗೆ ಕೊಳೆತು ಪೊಳ್ಳಾಗುತ್ತದೆ. ಔಷಧದಿಂದ ಆ ಪೊಳ್ಳು ಬೇಗ ಬೆಳೆದು ಪಕ್ಕದ ದೊಡ್ಡ ನಾಳದ ಗೋಡೆ ತೆಳುವಾದರೆ ರಕ್ತ ನೇರ ಉಸಿರಿನ ಕೊಳವೆಗೆ ನುಗ್ಗುತ್ತದೆ.

ಅಡಿನೋಕಾರ್ಸಿನೋಮಾ ಇದ್ದರೂ ಇತ್ತೀಚೆಗೆ ಕೆಮ್ಮಿನಲ್ಲಿ ಅರ್ಧ ಚಮಚ, ಅಂದರೆ 2.5 ಮಿ.ಲೀ.ಗಿಂತ ಹೆಚ್ಚು ರಕ್ತ ಬಂದಿದ್ದರೆ ಕೊಡುವುದಿಲ್ಲ. ಇಲ್ಲಿ ನಮ್ಮ ಕಡೆಯ ಒಂದು ತೊಡಕಿದೆ. ಗದಗ, ಹಾವೇರಿ ಹಳ್ಳಿಗಳಲ್ಲಿ ಕೆಮ್ಮಿನಲ್ಲಿ ರಕ್ತ ಎಂದರೆ ಮೊದಲ ಅನುಮಾನ ಟಿಬಿ. ಕಫದಲ್ಲಿ ರೋಗಾಣು ಸಿಗದಿದ್ದರೂ ಎಕ್ಸ್‌ರೇ ನೋಡಿ ಟಿಬಿ ಗುಳಿಗೆ ಶುರು ಮಾಡಿ, ಎರಡು-ಮೂರು ತಿಂಗಳು ಕಳೆದ ಮೇಲೆ ಸಿಟಿ ಸ್ಕ್ಯಾನ್ ಮಾಡಿಸಿದಾಗ ಕ್ಯಾನ್ಸರ್ ಎಂದು ಗೊತ್ತಾಗುವವರು ಇದ್ದಾರೆ. ಇನ್ನು ಕೆಲವರಿಗೆ ನಿಜವಾಗಿಯೂ ಹಿಂದೆ ಟಿಬಿ ಆಗಿ ಶ್ವಾಸಕೋಶದಲ್ಲಿ ಹಳೆಯ ಪೊಳ್ಳು ಉಳಿದಿರುತ್ತದೆ, ರಕ್ತ ಬರುವುದು ಅಲ್ಲಿಂದ. ಎರಡೂ ಸಂದರ್ಭದಲ್ಲಿ “ಹೋದ ವರ್ಷ ಸ್ವಲ್ಪ ರಕ್ತ ಬಿದ್ದಿತ್ರಿ, ಅದು ಟಿಬಿದು” ಎಂದು ರೋಗಿ ತಾನೇ ತೀರ್ಪು ಕೊಟ್ಟು ಸುಮ್ಮನಾಗುತ್ತಾರೆ. ಎಷ್ಟು ಬಂತು, ಯಾವಾಗ, ಬಟ್ಟೆಗೆ ಗೀರಿನಂತೋ ಬಟ್ಟಲು ತುಂಬ ಬಂತೋ ಎಂಬುದನ್ನು ಹೇಳಲೇಬೇಕು.

ಕಳೆದ ಆರರಿಂದ ಹನ್ನೆರಡು ತಿಂಗಳಲ್ಲಿ ಹೃದಯಾಘಾತ ಅಥವಾ ಲಕ್ವ ಹೊಡೆದವರು, ಹಿಡಿತಕ್ಕೆ ಸಿಗದ ಬಿ.ಪಿ. ಇರುವವರು, ಎದೆಯ ನಡುಭಾಗಕ್ಕೆ ಕೀಮೋ ಜೊತೆ ರೇಡಿಯೇಷನ್ ಆಗುತ್ತಿರುವವರು ಕೂಡ ದೂರ ಇರಬೇಕಾದವರೇ. ಕೊನೆಯವರಲ್ಲಿ ಶ್ವಾಸನಾಳಕ್ಕೂ ಅನ್ನನಾಳಕ್ಕೂ ನಡುವೆ ತೂತು ಬಿದ್ದ ಪ್ರಕರಣಗಳು ವರದಿಯಾಗಿವೆ. ಮಿದುಳಿಗೆ ಹರಡಿದ ರೋಗವಿದ್ದರೆ ಮೊದಲೆಲ್ಲ ಪೂರ್ತಿ ನಿಷೇಧವಿತ್ತು. ಈಗ ಮಿದುಳಿನ ಗಡ್ಡೆಗೆ ಚಿಕಿತ್ಸೆ ಆಗಿ, ಅಲ್ಲಿ ರಕ್ತ ಸೋರಿಲ್ಲ ಎಂದು ಸ್ಕ್ಯಾನಿನಲ್ಲಿ ಕಂಡರೆ ಕೊಡುತ್ತಾರೆ.

ಬಾಟ್ಲಿಯಿಂದ ನರದವರೆಗೆ

ಪ್ರಮಾಣ ದೇಹದ ತೂಕದ ಮೇಲೆ: ಪ್ರತಿ ಕಿಲೋಗೆ 15 ಮಿ.ಗ್ರಾಂ., ಮೂರು ವಾರಕ್ಕೊಮ್ಮೆ. ಬಾಟ್ಲಿ ಎರಡು ಅಳತೆಯಲ್ಲಿ ಬರುತ್ತದೆ, 100 ಮಿ.ಗ್ರಾಂ.ನ 4 ಮಿ.ಲೀ. ಮತ್ತು 400 ಮಿ.ಗ್ರಾಂ.ನ 16 ಮಿ.ಲೀ. 60 ಕಿಲೋ ತೂಗುವವರಿಗೆ 900 ಮಿ.ಗ್ರಾಂ., ಅಂದರೆ ದೊಡ್ಡವು ಎರಡು, ಸಣ್ಣದು ಒಂದು, ಒಟ್ಟು 36 ಮಿ.ಲೀ. ನರ್ಸ್ 100 ಮಿ.ಲೀ. ನಾರ್ಮಲ್ ಸಲಾಯಿನ್ ಚೀಲದಿಂದ ಮೊದಲು 36 ಮಿ.ಲೀ. ಹೊರತೆಗೆದು, ಆ ಜಾಗಕ್ಕೆ ಔಷಧ ಸೇರಿಸುತ್ತಾರೆ. ಗ್ಲೂಕೋಸ್ ನೀರಿನಲ್ಲಿ ಬೆರೆಸಕೂಡದು, ಔಷಧ ಕೆಡುತ್ತದೆ. ಚೀಲ ಕುಲುಕಬಾರದು, ಮೆಲ್ಲಗೆ ತಿರುವಿದರೆ ಸಾಕು. ಇದು ಪ್ರೋಟೀನು, ಮೊಟ್ಟೆಯ ಬಿಳಿಯಂತೆ ನೊರೆಗಟ್ಟುತ್ತದೆ. ಮೊದಲ ಸಲ 90 ನಿಮಿಷ, ತೊಂದರೆ ಆಗದಿದ್ದರೆ ಎರಡನೆಯ ಸಲ 60, ಆಮೇಲೆ ಪ್ರತಿ ಸಲ 30 ನಿಮಿಷ. ಸಿರಿಂಜಿನಲ್ಲಿ ನೇರ ನರಕ್ಕೆ ತಳ್ಳುವ ಔಷಧ ಇದಲ್ಲ.

ತೂಕವನ್ನು ಪ್ರತಿ ಸರದಿಗೂ ನೋಡಿಸಬೇಕು. ಈ ರೋಗದಲ್ಲಿ ಎರಡು ತಿಂಗಳಿಗೆ ಆರು ಕಿಲೋ ಇಳಿಯುವುದು ಹೊಸದೇನಲ್ಲ. 60 ಇದ್ದವರು 54ಕ್ಕೆ ಇಳಿದರೆ ಬೇಕಾದದ್ದು 810 ಮಿ.ಗ್ರಾಂ. ಹತ್ತು ಮಿ.ಗ್ರಾಂ.ಗಾಗಿ ಮೂರನೆಯ ಬಾಟ್ಲಿ ಒಡೆಯಬೇಕೋ, ಎರಡು ದೊಡ್ಡ ಬಾಟ್ಲಿಯ 800ಕ್ಕೆ ನಿಲ್ಲಿಸಬಹುದೋ ಎಂದು ವೈದ್ಯರನ್ನು ಕೇಳುವುದರಲ್ಲಿ ನಾಚಿಕೆ ಬೇಡ. ಹೀಗೆ ಪ್ರಮಾಣವನ್ನು ತುಸು ಹೆಚ್ಚುಕಡಿಮೆ ಮಾಡಿ ಬಾಟ್ಲಿಗೆ ಹೊಂದಿಸುವುದನ್ನು ಬಹಳಷ್ಟು ಕಡೆ ಒಪ್ಪುತ್ತಾರೆ. ಇನ್ನೊಂದು ದಾರಿ ಅರ್ಧ ಪ್ರಮಾಣ. ಅವೇಲ್ ಎಂಬ ಪರೀಕ್ಷೆಯಲ್ಲಿ 7.5 ಮತ್ತು 15 ಮಿ.ಗ್ರಾಂ. ಎರಡನ್ನೂ ಸಿಸ್‌ಪ್ಲಾಟಿನ್-ಜೆಮ್‌ಸಿಟಾಬಿನ್ ಜೊತೆ ಕೊಟ್ಟು ನೋಡಿದರು. ರೋಗ ನಿಂತ ಅವಧಿ ಎರಡರಲ್ಲೂ ಸ್ವಲ್ಪವೇ ಹೆಚ್ಚಿತು, ಆಯುಷ್ಯ ಎರಡರಲ್ಲೂ ಹೆಚ್ಚಲಿಲ್ಲ. ಇದರ ಆಧಾರದಲ್ಲಿ 7.5 ಬರೆಯುವ ವೈದ್ಯರಿದ್ದಾರೆ, 54 ಕಿಲೋದವರಿಗೆ ಅದು 405 ಮಿ.ಗ್ರಾಂ., ಹೆಚ್ಚುಕಡಿಮೆ ಒಂದೇ ದೊಡ್ಡ ಬಾಟ್ಲಿ. ಆಯುಷ್ಯ ಹೆಚ್ಚಿದ್ದು ಸಾಬೀತಾದದ್ದು ಇ-4599 ಪರೀಕ್ಷೆಯ 15 ಮಿ.ಗ್ರಾಂ. ಪ್ರಮಾಣದಲ್ಲಿ ಎಂಬುದನ್ನೂ ಅವರು ಹೇಳಬೇಕು.

ಕೀಮೋ ನಾಲ್ಕರಿಂದ ಆರು ಸರದಿಗೆ ಮುಗಿಯುತ್ತದೆ. ಬೆವಾಸಿಜುಮ್ಯಾಬ್ ಒಂದನ್ನೇ ಆಮೇಲೂ, ರೋಗ ಬೆಳೆಯುವವರೆಗೆ ಅಥವಾ ತಡೆಯಲಾಗದ ತೊಂದರೆ ಬರುವವರೆಗೆ ಮುಂದುವರಿಸುತ್ತಾರೆ. ಖರ್ಚಿನ ಲೆಕ್ಕ ಹಾಕುವಾಗ ಮನೆಯವರು ಆರು ಸರದಿಗೆ ಹಾಕಿ ನಿಲ್ಲಿಸುತ್ತಾರೆ; ಏಳನೆಯದು ಬಂದಾಗ ಕಂಗಾಲಾಗುತ್ತಾರೆ. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಕಾರ್ಡ್ ಇದ್ದವರು ಯಾವುದು ಪ್ಯಾಕೇಜಿನಲ್ಲಿದೆ, ಯಾವುದು ಇಲ್ಲ ಎಂಬುದನ್ನು ಮೊದಲ ಸರದಿಗೂ ಮುಂಚೆ ಆಸ್ಪತ್ರೆಯ ಆರೋಗ್ಯಮಿತ್ರರ ಹತ್ತಿರ ಬರೆಸಿಕೊಳ್ಳಬೇಕು.

ಬೆಲೆ ಇಳಿಸಿದ್ದು ಬಯೋಸಿಮಿಲರ್‌ಗಳು. ಬೆವಾಸಿಜುಮ್ಯಾಬ್ ಕಾರ್ಖಾನೆಯಲ್ಲಿ ಪುಡಿ ಬೆರೆಸಿ ಮಾಡುವ ಔಷಧವಲ್ಲ, ಚೀನೀ ಹ್ಯಾಮ್‌ಸ್ಟರ್ ಎಂಬ ಇಲಿಜಾತಿಯ ಪ್ರಾಣಿಯ ಕೋಶಗಳನ್ನು ಬೆಳೆಸಿ ಅವುಗಳಿಂದ ಪಡೆಯುವ ಪ್ರತಿಕಾಯ. ಹೆಪ್ಪು ಬೇರೆಯಾದರೆ ಮೊಸರು ಒಂಚೂರು ಬೇರೆ ಆಗುವಂತೆ ಪ್ರತಿ ಕಂಪನಿಯದೂ ಕೂದಲೆಳೆಯಷ್ಟು ಬೇರೆ, ಅದಕ್ಕೇ “ಅದೇ” ಎನ್ನದೆ “ಅದರಂಥದೇ” ಎನ್ನುತ್ತಾರೆ. ಬೆಂಗಳೂರಿನ ಬಯೋಕಾನ್ 2017ರಲ್ಲಿ ತನ್ನ ಕ್ರಬೆವಾ ತಂದಿತು. ಬೇರೆ ಭಾರತೀಯ ಕಂಪನಿಗಳದ್ದೂ ಇವೆ.

ಔಷಧವನ್ನು ಹೊರಗಿನಿಂದ ತರುವವರು ಎಡವುವುದು ತಂಪಿನ ವಿಷಯದಲ್ಲಿ. 2ರಿಂದ 8 ಡಿಗ್ರಿ ಇರಬೇಕು, ಹೆಪ್ಪುಗಟ್ಟಬಾರದು. ಬೆಂಗಳೂರಿನಿಂದ ರಾತ್ರಿ ಬಸ್ಸಿನಲ್ಲಿ ತರುವಾಗ ಬಾಟ್ಲಿಯನ್ನು ನೇರ ಐಸ್ ಪ್ಯಾಕಿಗೆ ತಾಗಿಸಿ ಇಟ್ಟರೆ ಅದು ಹೆಪ್ಪುಗಟ್ಟಿ ಕೆಡುತ್ತದೆ. ಕರಗಿದ ಮೇಲೆ ನೋಡಿದರೆ ಗೊತ್ತೂ ಆಗುವುದಿಲ್ಲ. ನಡುವೆ ದಪ್ಪ ರಟ್ಟು ಅಥವಾ ಬಟ್ಟೆ ಇರಲಿ. ಮನೆಯ ಫ್ರಿಜ್ಜಿನಲ್ಲಾದರೆ ಮೇಲಿನ ಫ್ರೀಜರ್ ಬೇಡ, ಬಾಗಿಲಿನ ತಟ್ಟೆಯೂ ಬೇಡ, ನಡುವಿನ ತಟ್ಟೆ. ಬ್ಯಾಚ್ ನಂಬರ್ ಬರೆದ ಬಿಲ್ ಇಲ್ಲದೆ ಕೊಳ್ಳಬಾರದು: 2012ರಲ್ಲಿ ಅಮೆರಿಕದಲ್ಲೇ ಒಳಗೆ ಔಷಧವೇ ಇಲ್ಲದ ನಕಲಿ ಅವಾಸ್ಟಿನ್ (ಬೆವಾಸಿಜುಮ್ಯಾಬ್‌ನ ಮೂಲ ಬ್ರ್ಯಾಂಡು) ಬಾಟ್ಲಿಗಳು ಸಿಕ್ಕಿದ್ದವು.

ಬಿ.ಪಿ., ಮೂತ್ರ, ಗಾಯ

ವಿಇಜಿಎಫ್‌ನ ದಿನನಿತ್ಯದ ಕೆಲಸ ತಿಳಿದರೆ ಅಡ್ಡಪರಿಣಾಮಗಳ ಪಟ್ಟಿ ಬಾಯಿಪಾಠ ಮಾಡಬೇಕಿಲ್ಲ. ಸಣ್ಣ ಅಪಧಮನಿಗಳಲ್ಲಿ ಅದು ನೈಟ್ರಿಕ್ ಆಕ್ಸೈಡ್ ಹುಟ್ಟಿಸಿ ನಾಳ ಸಡಿಲವಾಗಿರುವಂತೆ ನೋಡಿಕೊಳ್ಳುತ್ತದೆ, ತಡೆದರೆ ಬಿ.ಪಿ. ಏರುತ್ತದೆ. ಮೂತ್ರಪಿಂಡದ ಜರಡಿಯ ನಾಳಗಳನ್ನು ಸುಸ್ಥಿತಿಯಲ್ಲಿಡುತ್ತದೆ, ತಡೆದರೆ ಪ್ರೋಟೀನು ಮೂತ್ರಕ್ಕೆ ಸೋರುತ್ತದೆ. ಗಾಯ ಮಾಯಲು ಹೊಸ ನಾಳ ಬೇಕು, ತಡೆದರೆ ಮಾಯುವುದಿಲ್ಲ. ಬಿ.ಪಿ. ಏರಿಕೆ ಮತ್ತು ಮೂತ್ರದಲ್ಲಿ ಪ್ರೋಟೀನು ಎಂಬ ಈ ಜೋಡಿಯನ್ನು ಹೆರಿಗೆ ವಾರ್ಡಿನವರು ದಿನಾ ಕಾಣುತ್ತಾರೆ. ಗರ್ಭನಂಜಿನಲ್ಲಿ ಮಾಸು ಹೊರಬಿಡುವ ಒಂದು ಪ್ರೋಟೀನು ತಾಯಿಯ ವಿಇಜಿಎಫ್ ಅನ್ನು ಹೀರಿಕೊಂಡುಬಿಡುತ್ತದೆ. ಇಲ್ಲಿ ಅದೇ ಕೆಲಸ ಮಾಡುವ ಔಷಧವನ್ನು ನಾವೇ ಬಾಟ್ಲಿಯಲ್ಲಿ ಕೊಡುತ್ತಿದ್ದೇವೆ, ಅಷ್ಟೇ.

ಮನೆಯಲ್ಲಿ ಒಂದು ಡಿಜಿಟಲ್ ಬಿ.ಪಿ. ಯಂತ್ರ ಬೇಕು, ಮಣಿಕಟ್ಟಿನದಲ್ಲ, ತೋಳಿನದು. ಐದು ನಿಮಿಷ ಬೆನ್ನಿಗೆ ಆಸರೆ ಕೊಟ್ಟು ಕೂತು, ತೋಳು ಎದೆಯ ಮಟ್ಟಕ್ಕೆ ಇಟ್ಟು, ಅಂಗಿಯ ತೋಳಿನ ಮೇಲಲ್ಲ, ಬರಿ ತೋಳಿಗೆ ಪಟ್ಟಿ ಸುತ್ತಬೇಕು. ಚಹಾ, ಬೀಡಿ ಆದ ಅರ್ಧ ತಾಸಿನೊಳಗೆ ನೋಡಬಾರದು. ನಿಮಿಷ ಬಿಟ್ಟು ಎರಡು ಸಲ ನೋಡಿ ಬರೆದಿಡಬೇಕು. 140/90 ದಾಟಿ ನಿಂತರೆ ವೈದ್ಯರು ಗುಳಿಗೆ ಶುರು ಮಾಡುತ್ತಾರೆ ಅಥವಾ ಇರುವ ಗುಳಿಗೆ ಹೆಚ್ಚಿಸುತ್ತಾರೆ, ಬಿ.ಪಿ. ಹಿಡಿತದಲ್ಲಿದ್ದರೆ ಬೆವಾಸಿಜುಮ್ಯಾಬ್ ನಿಲ್ಲಿಸಬೇಕಿಲ್ಲ. ಆದರೆ ಬಿ.ಪಿ. ಏರಿದ ಜೊತೆ ತಲೆನೋವು, ಕಣ್ಣು ಮಂಜಾಗುವುದು, ಗೊಂದಲದ ಮಾತು, ಫಿಟ್ಸ್ ಬಂದರೆ ಮಿದುಳಿನಲ್ಲಿ ಬಾವು ಬಂದಿರಬಹುದು, ತಡ ಮಾಡುವಂತಿಲ್ಲ. ಊಟದಲ್ಲಿ ಉಪ್ಪು ಇಳಿಸಿ ಎಂದರೆ ಪಲ್ಯದ ಉಪ್ಪನ್ನು ಇಳಿಸಿ, ರೊಟ್ಟಿಯ ಪಕ್ಕದ ರಂಜಕ, ಉಪ್ಪಿನಕಾಯಿಯನ್ನು ಹಾಗೇ ಬಿಡುವವರು ಬಹಳ. ಉಪ್ಪು ಇರುವುದೇ ಅಲ್ಲಿ. ಮೊಣಕಾಲು ನೋವಿಗೆ ಅಂಗಡಿಯಿಂದ ತರುವ ನೋವಿನ ಗುಳಿಗೆ ಬಿ.ಪಿ.ಯನ್ನೂ ಏರಿಸುತ್ತದೆ, ರಕ್ತಸ್ರಾವಕ್ಕೂ ದಾರಿ ಮಾಡುತ್ತದೆ.

ಮೂತ್ರವನ್ನು ನಿಯಮಿತವಾಗಿ ಪಟ್ಟಿ ಅದ್ದಿ ನೋಡುತ್ತಾರೆ. ಎರಡು ಪ್ಲಸ್ ಅಥವಾ ಹೆಚ್ಚು ಬಂದರೆ 24 ತಾಸಿನ ಮೂತ್ರ ಹಿಡಿಯಬೇಕು. ಇದರಲ್ಲಿ ಆಗುವಷ್ಟು ತಪ್ಪು ಬೇರೆಯದರಲ್ಲಿ ಆಗುವುದಿಲ್ಲ. ಬೆಳಗ್ಗೆ ಆರಕ್ಕೆ ಎದ್ದರೆ ಮೊದಲ ಮೂತ್ರ ಚೆಲ್ಲಬೇಕು, ಗಡಿಯಾರ ಅಲ್ಲಿಂದ ಶುರು. ಆಮೇಲಿನದೆಲ್ಲ ಡಬ್ಬಿಗೆ, ಮರುದಿನ ಬೆಳಗ್ಗೆ ಆರರ ಮೊದಲ ಮೂತ್ರವೂ ಡಬ್ಬಿಗೆ. ಸಂಡಾಸಿಗೆ ಹೋದಾಗ ಹೋಗುವ ಮೂತ್ರವನ್ನು ಬಹಳ ಜನ ಮರೆಯುತ್ತಾರೆ. ಮೊದಲು ಡಬ್ಬಿಗೆ ಮಾಡಿ ಆಮೇಲೆ ಕೂರಬೇಕು. ದಿನಕ್ಕೆ 2 ಗ್ರಾಂ ಅಥವಾ ಹೆಚ್ಚು ಪ್ರೋಟೀನು ಹೋಗುತ್ತಿದ್ದರೆ ಔಷಧ ತಡೆಹಿಡಿದು, ಅದಕ್ಕಿಂತ ಕೆಳಗಿಳಿದ ಮೇಲೆ ಮುಂದುವರಿಸುತ್ತಾರೆ. ಪ್ರೋಟೀನು ವಿಪರೀತ ಸೋರಿ ಮೈ ಬಾತರೆ, ಅಂದರೆ ನೆಫ್ರೋಟಿಕ್ ಸಿಂಡ್ರೋಮ್ ಆದರೆ, ಪೂರ್ತಿ ಬಿಡಬೇಕು.

ಆಪರೇಷನ್‌ಗೆ ಮುಂಚೆ 28 ದಿನ, ಆದ ಮೇಲೆ 28 ದಿನ ಮತ್ತು ಗಾಯ ಪೂರ್ತಿ ಮಾಯುವವರೆಗೆ ಇದನ್ನು ಕೊಡುವುದಿಲ್ಲ. ಔಷಧ ಮೈಯಲ್ಲಿ ಅರ್ಧಕ್ಕಿಳಿಯಲು ಸುಮಾರು 20 ದಿನ ಬೇಕು, ಬಿಟ್ಟ ಮರುದಿನ ಹೋಗುವಂಥದ್ದಲ್ಲ. ಹಲ್ಲು ಕೀಳಿಸುವುದೂ ಆಪರೇಷನ್ನೇ; ಹಲ್ಲಿನ ಡಾಕ್ಟರಿಗೆ ಮೊದಲೇ ಹೇಳಬೇಕು. ಅಪರೂಪಕ್ಕೆ ಕರುಳು ತೂತಾಗುತ್ತದೆ. ಹೊಟ್ಟೆ ಒಮ್ಮೆಲೆ ಕಲ್ಲಿನಂತಾಗಿ ತಡೆಯಲಾಗದ ನೋವು ಬಂದರೆ ಅದನ್ನು ಪಿತ್ತ ಎಂದು ಸೋಡಾ ಕುಡಿಸಿ ಮಲಗಿಸಬಾರದು.

ಕೆಲಸ ನಿಂತಾಗ

ಒಂದು ದಿನ ಗಡ್ಡೆ ಮತ್ತೆ ಬೆಳೆಯುತ್ತದೆ. ವಿಇಜಿಎಫ್ ದಾರಿ ಮುಚ್ಚಿದರೆ ಗಡ್ಡೆ ಬೇರೆ ಬೆಳವಣಿಗೆಯ ಅಂಶಗಳ ದಾರಿ ಹಿಡಿಯುತ್ತದೆ. ಶ್ವಾಸಕೋಶದಲ್ಲಿ ಇನ್ನೊಂದು ಸುಲಭದ ದಾರಿಯೂ ಇದೆ. 30 ಕೋಟಿಗೂ ಮೀರಿದ ಗಾಳಿಗೂಡುಗಳು, ಪ್ರತಿಯೊಂದಕ್ಕೂ ಹೆಣೆದುಕೊಂಡ ಲೋಮನಾಳಗಳು. ಮೈಯಲ್ಲಿ ಇಷ್ಟು ದಟ್ಟವಾದ ರಕ್ತದ ಬಲೆ ಬೇರೆಲ್ಲೂ ಕಡಿಮೆ. ಕೆಲವು ಗಡ್ಡೆಗಳು ಹೊಸ ನಳ ಎಳೆಯುವುದೇ ಇಲ್ಲ, ಗಾಳಿಗೂಡಿನೊಳಗೆ ತುಂಬಿಕೊಂಡು ಅಲ್ಲಿರುವ ಹಳೆಯ ನಾಳಗಳನ್ನೇ ಬಳಸಿಕೊಳ್ಳುತ್ತವೆ. ಅಂಥ ಗಡ್ಡೆಗೆ ನಳ ಕಡಿಯುವ ಔಷಧದಿಂದ ಏನೂ ಆಗದು. ಯಾರ ಗಡ್ಡೆ ಯಾವ ಬಗೆಯದು ಎಂದು ಮೊದಲೇ ಹೇಳುವ, ಎಲ್ಲರೂ ಒಪ್ಪಿದ ರಕ್ತಪರೀಕ್ಷೆ ಇಲ್ಲದಿರುವುದೇ ಈ ಇಡೀ ವಿಭಾಗದ ದೊಡ್ಡ ಕೊರತೆ. ಸ್ಕ್ಯಾನ್ ಓದುವುದೂ ಇಲ್ಲಿ ತುಸು ಕಷ್ಟ: ಗಡ್ಡೆಯ ಅಳತೆ ಅಷ್ಟೇ ಇದ್ದು ನಡುಭಾಗ ಸತ್ತು ಕಪ್ಪಾಗಿರಬಹುದು. ಅಳತೆಪಟ್ಟಿ ಮಾತ್ರ ಹಿಡಿದರೆ “ಏನೂ ಆಗಿಲ್ಲ” ಎನಿಸುತ್ತದೆ.

ವಿಇಜಿಎಫ್ ಅನ್ನು ಹಿಡಿಯುವ ಬದಲು ಅದು ಅಂಟುವ ಬೀಗವನ್ನೇ ಮುಚ್ಚುವ ಔಷಧ ರಾಮುಸಿರುಮ್ಯಾಬ್. ಮೊದಲ ಕೀಮೋ ಸೋತವರಿಗೆ ಡೋಸಿಟ್ಯಾಕ್ಸೆಲ್ ಜೊತೆ ಕೊಟ್ಟ 2014ರ ರೆವೆಲ್ ಪರೀಕ್ಷೆಯಲ್ಲಿ ಆಯುಷ್ಯ 9.1 ತಿಂಗಳಿಂದ 10.5ಕ್ಕೆ ಏರಿತು, ಅದರಲ್ಲಿ ಸ್ಕ್ವಾಮಸ್ ರೋಗಿಗಳೂ ಇದ್ದರು. ಗುಳಿಗೆ ರೂಪದ ನಾಳ-ತಡೆಗಳಲ್ಲಿ ಹೆಚ್ಚಿನವು ಶ್ವಾಸಕೋಶದಲ್ಲಿ ಸೋತವು. ಸೊರಾಫೆನಿಬ್ ಅನ್ನು ಕೀಮೋಗೆ ಸೇರಿಸಿದಾಗ ಸ್ಕ್ವಾಮಸ್ ರೋಗಿಗಳ ಸಾವು ಹೆಚ್ಚಾಯಿತು. ಭಾರತದ ಅಡಿನೋಕಾರ್ಸಿನೋಮಾ ರೋಗಿಗಳಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಗಡ್ಡೆಯ ಕೋಶ ಬೆಳೆಯಲು ಹುರಿದುಂಬಿಸುವ ಇಜಿಎಫ್‌ಆರ್ ಎಂಬ ಜೀನಿನ ಬದಲಾವಣೆ ಇರುತ್ತದೆ. ಅವರಿಗೆ ಮೊದಲು ಬೇಕಾದದ್ದು ಅದಕ್ಕೆಂದೇ ಇರುವ ಗುಳಿಗೆ. ಜೀನ್ ವರದಿ ಬರುವ ಮುಂಚೆ ಬೆವಾಸಿಜುಮ್ಯಾಬ್‌ಗೆ ಸಾಲ ಎತ್ತುವುದು ಅವಸರದ ಕೆಲಸ.

ವಿಇಜಿಎಫ್‌ಗೆ ಇನ್ನೊಂದು ಮುಖ ಇರುವುದು ಆಮೇಲೆ ಎದ್ದು ಕಂಡಿತು: ರೋಗನಿರೋಧಕ ಟಿ ಕೋಶಗಳು ಗಡ್ಡೆಯೊಳಗೆ ಬಾರದಂತೆ ಅದು ಕದ ಹಾಕುತ್ತದೆ. ಹಾಗಾಗಿ ಆ ಟಿ ಕೋಶಗಳನ್ನು ಗಡ್ಡೆಯ ಮೇಲೆ ಎಬ್ಬಿಸುವ ಇಮ್ಯುನೋಥೆರಪಿ ಔಷಧಗಳ ಜೊತೆ ಬೆವಾಸಿಜುಮ್ಯಾಬ್ ಸೇರಿಸಿದರು. ಇಂಪವರ್-150 ಪರೀಕ್ಷೆಯಲ್ಲಿ ಕೀಮೋ ಮತ್ತು ಬೆವಾಸಿಜುಮ್ಯಾಬ್‌ಗೆ ಅಟೆಜೊಲಿಜುಮ್ಯಾಬ್ ಸೇರಿಸಿದಾಗ ಆಯುಷ್ಯ 14.7ರಿಂದ 19.2 ತಿಂಗಳಿಗೆ ಹೋಯಿತು. ಈಗ ಎರಡೂ ಕೆಲಸವನ್ನು ಒಂದೇ ಅಣುವಿನಲ್ಲಿ ಮಾಡುವ ಐವೊನೆಸ್ಕಿಮ್ಯಾಬ್ ಬಂದಿದೆ. 2024ರಲ್ಲಿ ಫಲಿತಾಂಶ ಹೊರಬಿದ್ದ ಚೀನಾದ ಪರೀಕ್ಷೆಯಲ್ಲಿ ಅದು ರೋಗವನ್ನು 11.1 ತಿಂಗಳು ತಡೆಯಿತು. ಹೋಲಿಕೆಗೆ ಇಟ್ಟ ಪೆಂಬ್ರೊಲಿಜುಮ್ಯಾಬ್ ಎಂಬ ಇಮ್ಯುನೋಥೆರಪಿ ಔಷಧ 5.8 ತಿಂಗಳು.

ರಾತ್ರಿ ಹೊತ್ತು ಕೆಮ್ಮಿನಲ್ಲಿ ರಕ್ತ ಬಂದರೆ

ಮೂಗಿನಿಂದ ನಾಲ್ಕು ಹನಿ ಬೀಳುವುದು ಈ ಔಷಧದಲ್ಲಿ ಸಾಮಾನ್ಯ. ಮುಂದಕ್ಕೆ ಬಾಗಿ ಕೂತು, ಮೂಗಿನ ಮೆತ್ತಗಿನ ಭಾಗವನ್ನು ಹತ್ತು ನಿಮಿಷ ಬಿಡದೆ ಒತ್ತಿ ಹಿಡಿದರೆ ನಿಲ್ಲುತ್ತದೆ. ತಲೆ ಹಿಂದಕ್ಕೆ ಚೆಲ್ಲಿ ರಕ್ತ ನುಂಗಬಾರದು. ಕೆಮ್ಮಿನಲ್ಲಿ ಬರುವ ರಕ್ತ ಬೇರೆ ಮಾತು. ಕಫಕ್ಕೆ ಗೀರಿನಂತೆ ಹತ್ತಿದ್ದರೂ ಮುಂದಿನ ಡೋಸಿಗೆ ಮುಂಚೆ ತಿಳಿಸಬೇಕು. ಅರ್ಧ ಚಮಚ ದಾಟಿದರೆ ಬೆಳಗಾಗುವವರೆಗೆ ಕಾಯುವಂತಿಲ್ಲ. ಗದಗದಿಂದ, ಹಾವೇರಿಯಿಂದ ಹುಬ್ಬಳ್ಳಿಗೆ ಒಂದು-ಒಂದೂವರೆ ತಾಸಿನ ದಾರಿ, ಹಳ್ಳಿಯಿಂದ ಹೊರಟರೆ ಇನ್ನೂ ಹೆಚ್ಚು. 108ಕ್ಕೆ ಕರೆ ಮಾಡಿ, ಮೊದಲು ಹತ್ತಿರದ ಜಿಲ್ಲಾಸ್ಪತ್ರೆಗೆ. ಗಡ್ಡೆ ಯಾವ ಮಗ್ಗುಲಲ್ಲಿದೆ ಎಂದು ಮನೆಯ ಒಬ್ಬರಿಗಾದರೂ ಗೊತ್ತಿರಬೇಕು. ರೋಗಿಯನ್ನು ಅದೇ ಮಗ್ಗುಲು ಕೆಳಗೆ ಬರುವಂತೆ ಮಲಗಿಸಬೇಕು, ಬಲಗಡೆ ಗಡ್ಡೆಯಾದರೆ ಬಲಕ್ಕೆ, ಆಗ ರಕ್ತ ಒಳ್ಳೆಯ ಶ್ವಾಸಕೋಶಕ್ಕೆ ಹರಿಯುವುದಿಲ್ಲ. ನೀರು, ಚಹಾ ಏನೂ ಕುಡಿಸಬಾರದು. ಬಂದ ರಕ್ತವನ್ನು ಬಟ್ಟಲಿನಲ್ಲಿ ಹಿಡಿದು ಒಯ್ಯಬೇಕು, ಜೊತೆಗೆ ಕೊನೆಯ ಡೋಸು ಯಾವತ್ತು ಆಯಿತು ಎಂದು ಬರೆದ ಚೀಟಿ. ಅಲ್ಲಿನ ಡ್ಯೂಟಿ ಡಾಕ್ಟರಿಗೆ ಹೇಳಬೇಕಾದ ಮೊದಲ ವಾಕ್ಯ: “ಇವ್ರಿಗೆ ಬೆವಾಸಿಜುಮ್ಯಾಬ್ ನಡದದ್ರಿ.”